ಕಾಲು ತುಳಿದ ಆಟಗಾರ

ಶನಿವಾರ ಬಂತೆಂದರೆ ನಾನು ಹೈಸ್ಕೂಲು ಹುಡುಗರ ಅಮೆರಿಕನ್ ಫುಟ್‌ಬಾಲಿಗೆ ರೆಫರಿ. ಬೇಕಂತಲೇ ರೆಫರಿಯನ್ನು ಮುಟ್ಟಿದವನು ಮ್ಯಾಚಿನಿಂದ ಹೊರಗೆ, ಅದು ರೂಲು.

ಅವತ್ತು ಅಮೆರಿಕದ ಗಿಲ್‌ರಾಯ್ ಅನ್ನೋ ಊರಿನಲ್ಲಿ, ಜೆರ್ಸಿ ಮೇಲೆ ‘ಗೌಡ’ ಅಂತಿದ್ದ ದಢೂತಿ ಹುಡುಗನನ್ನು ಆಟ ನಿಂತ ಅರೆಗಳಿಗೆಯಲ್ಲಿ ಕರೆದು, “ಎದುರಿನವನ ಅಂಗಿ ಹಿಡಿದು ಎಳೀಬೇಡ” ಅಂತ ಇಂಗ್ಲಿಷಿನಲ್ಲಿ ಗದರಿದೆ. “ನಾನೆಲ್ಲಿ ಎಳೆದೆ?” ಅಂತ ವಾದಿಸುತ್ತಾ ಮುಂದೆ ಬಂದವನು ನನ್ನ ಕಾಲು ತುಳಿದುಬಿಟ್ಟ. ತಕ್ಷಣ ಬಗ್ಗಿ, ನನ್ನ ಬೂಟು ಮುಟ್ಟಿ, ಕಣ್ಣಿಗೊತ್ತಿಕೊಳ್ಳಲು ಹೋದ. ಹೆಲ್ಮೆಟ್ಟಿನ ಕಂಬಿ ಅಡ್ಡ ಬಂತು.

“ರೆಫರಿಯನ್ನ ಮುಟ್ಟಿದ! ಹೊರಗೆ ಹಾಕಿ!” ಎದುರು ತಂಡದ ಕೋಚು ಕಿರುಚಿದರು.

“ನಮ್ಮ ಕಡೆ ಕ್ಷಮೆ ಕೇಳೋದೇ ಹಾಗೆ” ಅಂದೆ.

“ಸರಿ, ನೀವು ಕೈಯೆತ್ತಿದ್ದೀರಲ್ಲ, ಅದು ಯಾವ ಸಿಗ್ನಲ್ಲು?”

ನೋಡಿಕೊಂಡರೆ, ನನ್ನ ಬಲಗೈ ಆಗಲೇ ಹುಡುಗನ ತಲೆಯ ಮೇಲೆ ಆಶೀರ್ವಾದ ಮಾಡುತ್ತಾ ನಿಂತಿತ್ತು.

ಬೇರೆ ದಾರಿ ಕಾಣದೆ “ಟೈಮ್‌ಔಟು” ಅಂದೆ.