ಅಲೆಕ್ಸಾಂಡ್ರಿಯಾ ನೋಡಿ ಬಂದ ಜಯರಾಜರು
ಈ ೧೯೮೬ರ ಬೇಸಿಗೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನೋಡಿ ಬಂದ ಮೇಲೆ ಜಯರಾಜರು ಅಮೆರಿಕದ ಸನ್ನಿವೇಲಿನ ನನ್ನ ಗ್ರೋಸರಿ ಅಂಗಡಿಗೆ ಕಾಲಿಟ್ಟರೆ ಉಳಿದ ಗಿರಾಕಿಗಳು ಅಕ್ಕಿ ಮೂಟೆಗಳ ಹಿಂದೆ ಅಡಗುತ್ತಾರೆ. "ಒಂದೇ ಬೀದಿಯಲ್ಲಿ ಗ್ರೀಕರ ಕಾಫಿ, ಇಟಲಿಯವರ ಬೇಕರಿ, ಅರಬರ ಮಸೀದಿ! ಥೇಟ್ ನಮ್ಮ ಮಂಗಳೂರಿನ ಬಂದರು ಮಾರಾಯ್ರೆ, ಸಮುದ್ರ ಮಾತ್ರ ಬೇರೆ!" ಬೇಳೆಗೆಂದು ಬಂದವರು ಎರಡು ಸಾವಿರ ವರ್ಷದ ಚರಿತ್ರೆ ಹೊತ್ತು ಹೋಗುತ್ತಾರೆ. ಕೋಟೆ, ದೋಣಿ, ಟ್ರಾಮಿನ ಫೋಟೋಗಳನ್ನು ಜಯರಾಜರು ಸರಸರನೆ ತಿರುವಿ ಹಾಕಿ ಒಂದರ ಮೇಲೆ ಬೆರಳೂರಿ ನಿಲ್ಲುತ್ತಾರೆ. ಅದರಲ್ಲಿ ಅವರ ಹೆಂಡತಿ ವಿಮಲಕ್ಕ ಮೀನು ಮಾರ್ಕೆಟ್ಟಿನಲ್ಲಿ ಮೀನೊಂದರ ಕಿವಿರು ಎತ್ತಿ ಹಿಡಿದು ಮಾರುವವಳ ಜೊತೆ ಜಗಳಕ್ಕೆ ನಿಂತಿದ್ದಾರೆ. "ಇವಳದ್ದು ತುಳು, ಅವಳದ್ದು ಅರಬ್ಬಿ. ರೇಟು ಇಳಿಯಿತು ನೋಡಿ!" ತಮ್ಮ ತಾಯಿ ತೀರಿಕೊಂಡಾಗಿನಿಂದ ಈ ಪ್ರವಾಸದವರೆಗೆ ವಿಮಲಕ್ಕ ಬಾಯಿ ಬಿಟ್ಟಿದ್ದೇ ಅಪರೂಪ. ನಾನು ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟು ಹೋಗುತ್ತಿದ್ದರು. ಅಂಥ ಗಿರಾಕಿಯನ್ನು ಕಂಡು ಲಾಭದ ಆಸೆಯ ನನಗೇ ಹೆದರಿಕೆಯಾಗಿತ್ತು. ಮೊನ್ನೆ ಅವರು ಗಂಡನ ಜೊತೆ ಅಂಗಡಿಗೆ ಬಂದವರೇ, "ಇದೆಂಥದ್ದು ಮಾರಾಯ್ರೆ, ಬೆಂಡೆಕಾಯಿಯಾ ಬೆತ್ತವಾ? ಅರ್ಧ ರೇಟಿಗೆ ಕೊಡಿ" ಎಂದರು. "ಬಂಗಾರದಂಥ ಕಾಯಿ, ಅಕ್ಕಾ!" ಎಂದು ನಾನೂ ದನಿ ಏರಿಸಿದೆ. ನಾವು ಕಿತ್ತಾಡಿದಷ್ಟು ಹೊತ್ತೂ ಜಯರಾಜರು ಹೆಂಡತಿಯ ಬಾಯನ್ನೇ ನೋಡುತ್ತಾ ಪಕ್ಕದಲ್ಲೇ ನಿಂತಿದ್ದರು, ಅಲೆಕ್ಸಾಂಡ್ರಿಯಾದ ಹೆಸರನ್ನೇ ಎತ್ತಲಿಲ್ಲ.