ಸೋಮವಾರ ಹೂಡದ ಯಂತ್ರ

ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ನಮ್ಮ ಶಿವಪುತ್ರಪ್ಪನಿಗೆ ಒಂದು ವಿದ್ಯೆ ಗೊತ್ತು. ಬೆಲ್ಲದ ಪೆಂಟೆಯನ್ನು ಬೆರಳಿನಿಂದ ತಟ್ಟಿ, ಮೂಸಿ, ಅದು ಯಾವ ಊರಿನ ಗಾಣದ್ದು ಎಂದು ಹೇಳಬಲ್ಲ. ಅಷ್ಟಕ್ಕೇ ನಿಂತಿದ್ದರೆ ಈ ಕತೆ ಇರುತ್ತಿರಲಿಲ್ಲ. ಜಗತ್ತಿನ ಎಲ್ಲ ವಸ್ತುಗಳೂ ತಟ್ಟಿದರೆ ತಮ್ಮ ಗುಟ್ಟು ಬಿಟ್ಟುಕೊಡುತ್ತವೆ ಎಂಬುದು ಅವನ ನಂಬಿಕೆ. ಫ್ರಿಜ್ಜನ್ನೂ ತಟ್ಟಿಯೇ ಕೊಂಡ, ಮಗಳಿಗೆ ವರ ನೋಡಲು ಹೋದಾಗ ಹುಡುಗನ ಬೆನ್ನನ್ನೂ ತಟ್ಟಿ ನೋಡಿ ಬಂದ. ಅಳಿಯ ಒಳ್ಳೆಯವನೇ ಸಿಕ್ಕ, ಅದು ಬೇರೆ ಮಾತು. ಅದರಿಂದ ಅವನ ಧೈರ್ಯ ಇನ್ನೂ ಹೆಚ್ಚಿತು.

ನನ್ನ ಮೆಣಸಿನಕಾಯಿ ಅಂಗಡಿ ಅವನ ಅಂಗಡಿಗೆ ಅಂಟಿಕೊಂಡೇ ಇದೆ. ಮಧ್ಯಾಹ್ನ ಇಬ್ಬರ ಊಟದ ಡಬ್ಬಿಗಳೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. ಹೀಗಾಗಿ ಅವನ ಡಬ್ಬಿಯಲ್ಲಿ ಏನಿದೆ, ಮನೆಯಲ್ಲಿ ಏನು ನಡೆದಿದೆ, ಎರಡೂ ನನಗೆ ಗೊತ್ತಾಗುತ್ತದೆ.

ಶಿವಪುತ್ರಪ್ಪನ ಹೆಂಡತಿ ಸಾವಂತ್ರವ್ವ ಅಥಣಿ ಕಡೆಯ ಒಕ್ಕಲುತನದ ಮನೆಯ ಹೆಣ್ಣು. ಮದುವೆಯಾಗಿ ಈ ಮರಾಠಿ ಮಾತಿನ ಶಹರಕ್ಕೆ, ಸದಾಶಿವ ಪೇಠದ ಒಂದು ಹಳೇ ಕಟ್ಟಡದ ಮೂರನೆಯ ಮಹಡಿಗೆ ಬಂದವಳು, ಹರೆಯವೆಲ್ಲ ಅಲ್ಲೇ ಕಳೆದಳು. ಅಡುಗೆಮನೆಯ ಕಿಟಕಿಯಲ್ಲಿ ಒಡೆದ ಬಕೆಟ್ಟಿನಲ್ಲಿ ಮಣ್ಣು ತುಂಬಿ ಮೆಂತ್ಯ ಹಾಕುತ್ತಿದ್ದಳು. ಎದುರಿನ ಕಟ್ಟಡ ದಯೆ ತೋರಿದಷ್ಟು ಹೊತ್ತು ಅದಕ್ಕೆ ಬಿಸಿಲು. ನೀರು ಹನಿಸಿದರೆ ಕೆಳಗೆ ಸ್ಕೂಟರ್ ನಿಲ್ಲಿಸಿದವರು ಮೇಲೆ ನೋಡಿ ಮರಾಠಿಯಲ್ಲಿ ಬೈಯುತ್ತಿದ್ದರು. ಆಕೆ ಗಂಡನಿಂದ ಬಂಗಾರ ಕೇಳಲಿಲ್ಲ, ಕಾಶಿಗೆ ಕರೆದೊಯ್ಯಿ ಎನ್ನಲಿಲ್ಲ. ಎರಡು ಮಡಿ ನೆಲ ಬೇಕು, ಕಾಲು ಊರಿ ಕುಳಿತು ಕಳೆ ತೆಗೆಯುವಂಥ ನೆಲ, ಅಷ್ಟೇ ಎನ್ನುತ್ತಿದ್ದಳು. "ಕೊಡಸ್ತೀನಿ ತಡಿ" ಎಂದು ಈತ ಪ್ರತಿ ಯುಗಾದಿಗೂ ಹೇಳುತ್ತಿದ್ದ.

ಕೊನೆಗೆ ದೇಹೂ ರೋಡ್ ಹತ್ತಿರ ಸಾಲುಮನೆಗಳ ಸೊಸೈಟಿಯೊಂದರಲ್ಲಿ ಮನೆ ಕೊಂಡ. ನೋಡಲು ನಾನೂ ಹೋಗಿದ್ದೆ. ಮನೆಯ ಮುಂದೆ ನಾಲ್ಕು ಹೊರಸು ಹಾಕಿದರೆ ತುಂಬಿಹೋಗುವಷ್ಟು ಜಾಗ. ಬಿಲ್ಡರ್ ಅದಕ್ಕೆ ಗಾರ್ಡನ್ ಎಂದು ಹೆಸರಿಟ್ಟಿದ್ದ. ಸಾವಂತ್ರವ್ವ ಮನೆಯ ಒಳಗೆ ಕಾಲಿಡಲೇ ಇಲ್ಲ. ಗೇಟಿನ ಬಳಿಯೇ ಕುಳಿತು ಒಂದು ಹಿಡಿ ಮಣ್ಣು ತೆಗೆದು ಮೂಸಿದಳು. ಶಿವಪುತ್ರಪ್ಪ ಎಲ್ಲರ ಎದುರಿಗೇ, "ಇದು ನಿಂದ ನೋಡು" ಎಂದ. ಆ ಮಾತಿಗೆ ನಾನು ಸಾಕ್ಷಿ.

ಪಕ್ಕದ ಮನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಜಗತಾಪ ಸಾಹೇಬರು ಇರದಿದ್ದರೆ ಆ ಮಾತು ನಿಲ್ಲುತ್ತಿತ್ತೇನೋ. ಸೊಸೈಟಿಯ ಸೆಕ್ರೆಟರಿಯೂ ಅವರೇ. ಅವರ ಮನೆಯ ಮುಂದೆ ಕ್ಷೌರ ಮಾಡಿಸಿದಂಥ ಹುಲ್ಲಿನ ಲಾನ್. ಬೆಳಿಗ್ಗೆ ಬೆತ್ತದ ಕುರ್ಚಿ ಹಾಕಿಕೊಂಡು, ಬರಿಗಾಲನ್ನು ಹುಲ್ಲಿನ ಮೇಲೆ ಇಟ್ಟು, ಬಸಿಯ ಸಮೇತ ಕಪ್ಪು ಹಿಡಿದು ಚಹಾ ಕುಡಿಯುತ್ತಿದ್ದರು. ಮನೆ ತುಂಬಿದ ಮರುದಿನವೇ ಶಿವಪುತ್ರಪ್ಪ ಅದನ್ನು ಕಂಡ. ಅವನ ತಲೆ ತಿರುಗಲು ಅಷ್ಟು ಸಾಕಾಯಿತು.

"ಮುಂದ ಮೆಂತ್ಯ ಹಾಕಿದ್ರ ಬಂದ ಮಂದಿ ಏನಂತಾರ? ಅಥಣಿಯಿಂದ ಹೊಲಾ ಹೊತಗೊಂಡ ಬಂದಾರ ಅಂತಾರ" ಎಂದ ಹೆಂಡತಿಗೆ.

"ಹಿತ್ತಲದಾಗ ಹಾಕತೀನ್ರಿ."

"ಹಿತ್ತಲದಾಗ ಫರಸಿಕಲ್ಲ ಹಾಕ್ಯಾರ."

ಹುಲ್ಲು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಟೆಂಪೋದಲ್ಲಿ ಬಂತು. ಸಾವಂತ್ರವ್ವ ತವರಿನಿಂದ ತಂದಿದ್ದ ಮೆಂತ್ಯ, ಕೊತ್ತಂಬರಿ ಬೀಜಗಳು ಬಟ್ಟೆಯ ಗಂಟಿನಲ್ಲಿ ಅಡುಗೆಮನೆಯ ಮೊಳೆಗೆ ನೇತುಬಿದ್ದವು.

ಹುಲ್ಲು ಬಂದ ಮೇಲೆ ಕತ್ತರಿಸುವ ಯಂತ್ರ ಬೇಡವೇ. ಒಂದು ಭಾನುವಾರ ಗಂಡ, ಹೆಂಡತಿ, ನಾನು, ಮೂವರೂ ಯಂತ್ರದ ಅಂಗಡಿಗೆ ಹೋದೆವು. ಟೈ ಕಟ್ಟಿದ ಸೇಲ್ಸ್‌ಮನ್ ಜಾಗದ ಅಳತೆ ಕೇಳಿ, ಕೈಯಿಂದ ದೂಡುವ ಒಂದು ಸಣ್ಣ ಯಂತ್ರವನ್ನು ಮುಂದೆ ಇಟ್ಟ. ಪೆಟ್ರೋಲ್ ಬೇಡ, ಕರೆಂಟ್ ಬೇಡ, ದೂಡಿದರೆ ಅಲಗು ತಿರುಗುತ್ತದೆ, ನಿಮ್ಮ ಜಾಗಕ್ಕೆ ಇದೇ ಸರಿ ಎಂದ. ಪಾಪ, ಸತ್ಯ ಹೇಳಿದ್ದ.

ಶಿವಪುತ್ರಪ್ಪ ಅದನ್ನು ತಟ್ಟಿ ನೋಡಿ, "ಇದು ಇನ್ನೂ ಕರಾ ಅದ, ಎತ್ತಾಗಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದ. ಅವನ ಕಣ್ಣು ಮೂಲೆಯಲ್ಲಿದ್ದ ಕೆಂಪು ಬಣ್ಣದ ಪೆಟ್ರೋಲ್ ಯಂತ್ರದ ಮೇಲೆ ನೆಟ್ಟಿತ್ತು. ಶಾಲೆಯ ಮೈದಾನ ಕತ್ತರಿಸುವಂಥದ್ದು. ಅಪ್ಪನ ಜೊತೆ ದನದ ಸಂತೆಗೆ ಹೋಗುತ್ತಿದ್ದ ಹುಡುಗ ಅವನೊಳಗಿನಿಂದ ಎದ್ದುಬಂದ. ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ. ಹಿಡಿಕೆಯ ಬುಡವನ್ನು ಹೆಗಲು ಸವರಿದ ಹಾಗೆ ಸವರಿದ. ಮಗುಚಿಸಿ ಅಲಗು ನೋಡಿದ್ದು ಬಾಯಿ ಬಿಡಿಸಿ ಹಲ್ಲು ಎಣಿಸಿದಂತೆಯೇ ಇತ್ತು. ಆಮೇಲೆ ಅಂಗಡಿಯ ಉದ್ದಕ್ಕೂ ನಡೆಸಿ ತೋರಿಸಲು ಹೇಳಿದ. ಸೇಲ್ಸ್‌ಮನ್ ಫ್ಯಾನುಗಳ ನಡುವೆ ಅದನ್ನು ದೂಡಿಕೊಂಡು ಹೋಗಿ ಬಂದ.

"ನಡಗಿ ಛಲೋ ಅದರಿ ಅಪ್ಪಾಸಾಹೇಬರ" ಎಂದ ನನಗೆ. ಬಲಮಗ್ಗುಲಿನಲ್ಲಿ ಕಂಪನಿಯ ದುಂಡನೆಯ ಮುದ್ರೆಯೊಂದಿತ್ತು. ಅದನ್ನು ಬೆರಳಿನಿಂದ ಸುತ್ತಿ, "ಸುಳೀನೂ ಬಲಕ್ಕ ಅದ" ಎಂದ. ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಮನೆಯ ಏಳಿಗೆ ಹೇಳುವವರು ನಮ್ಮ ಕಡೆ ಇದ್ದಾರೆ. ಕಂಪನಿಯ ಮುದ್ರೆಯಲ್ಲಿ ಅದನ್ನು ಕಂಡವನು ಮಾತ್ರ ಇವನೊಬ್ಬನೇ.

ಸಾವಂತ್ರವ್ವ ಒಂದೇ ಪ್ರಶ್ನೆ ಕೇಳಿದಳು. "ಇಷ್ಟ ದೊಡ್ಡದು ನಮ್ಮ ಜಾಗಾದಾಗ ತಿರಗೂದ ಹೆಂಗ್ರಿ?"

"ಎತ್ತ ಕೊಳ್ಳೂವಾಗ ನಡುವ ಬಾಯಿ ಹಾಕಬ್ಯಾಡ."

ಮುಂದಿನ ಭಾನುವಾರ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಯಂತ್ರಕ್ಕೆ ವಿಭೂತಿ ಹಚ್ಚಿ ಹಗ್ಗ ಎಳೆದ. ಅದು ಗುಡುಗಿದ ಸದ್ದಿಗೆ ಜಗತಾಪ ಸಾಹೇಬರ ಕಪ್ಪು ಬಸಿಯ ಮೇಲೆ ನಡುಗಿತು. ಗೋಡೆಯಿಂದ ಹೊರಟ ಯಂತ್ರ ನೋಡನೋಡುತ್ತಿದ್ದಂತೆ ಗೇಟಿಗೆ ಬಂದು ನಿಂತಿತು. ತಿರುಗಲು ಜಾಗವಿಲ್ಲ. ಗೇಟು ತೆಗೆಸಿ, ರಸ್ತೆಗೆ ಇಳಿಸಿ, ಅಲ್ಲಿ ದೊಡ್ಡ ಸುತ್ತು ಹಾಕಿಸಿ, ಮತ್ತೆ ಒಳಗೆ ತಂದ. ಪ್ರತಿ ಸಾಲಿಗೂ ಹೀಗೇ. ಹುಲ್ಲಿಗಿಂತ ಡಾಂಬರಿನ ಮೇಲೆ ಓಡಿದ್ದೇ ಹೆಚ್ಚು. ಮೋಟರ್ ಸೈಕಲ್ಲಿನವರು ನಿಂತು ದಾರಿ ಬಿಟ್ಟರು. ಈತ ಅವರಿಗೆ ಕೈ ಎತ್ತಿ ನಮಸ್ಕಾರ ಮಾಡಿದ.

ಆರೈಕೆಯ ವಿಷಯ ಕೇಳಬೇಡಿ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ನೀರು ಸೋಕಿಸಬೇಡಿ, ಒಣಬಟ್ಟೆಯಿಂದ ಒರೆಸಿ ಎಂದಿತ್ತು. ದುಡಿದು ಬಂದ ಎತ್ತಿನ ಮೈ ತೊಳೆಯದೆ ಕಟ್ಟುವ ಮನೆ ಯಾವುದು ಎಂದು ಶಿವಪುತ್ರಪ್ಪ ಎರಡು ಬಕೆಟ್ ನೀರು ಸುರಿದು ತಿಕ್ಕಿದ. ಅದು ಕೆಮ್ಮಿ ನಿಂತಿತು. ಮೆಕ್ಯಾನಿಕ್ ಬಂದು ಪ್ಲಗ್ಗು ಒಣಗಿಸಿ ಕೈಮುಗಿದು ಹೋದ. ಆಮೇಲೆ ಯಂತ್ರಕ್ಕೆ ನೆರಳು ಬೇಕೆಂದು ಅದನ್ನು ಪಾರ್ಕಿಂಗಿನಲ್ಲಿ ಕಟ್ಟಿದ, ಸ್ಕೂಟರ್ ಹೊರಗೆ ಬಿಸಿಲಿಗೆ ಬಿತ್ತು. ಎತ್ತುಗಳ ಹಬ್ಬ ಕಾರಹುಣ್ಣಿಮೆಗೆ ಹಿಡಿಕೆಯ ಎರಡೂ ತುದಿಗೆ ಕೋಡಿನ ಬಣ್ಣ ಬಳಿದ.

ಆ ಸದ್ದಿನ ಕಾರಣಕ್ಕೇ ಸೊಸೈಟಿಯ ಸಭೆ ಸೇರಿತು. ಅಲ್ಲಿ ಹೆಚ್ಚಿನವರು ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು. ಸೋಮವಾರ ಮಾತ್ರ ಹಿಂಜವಡಿಯ ಆಫೀಸಿಗೆ ಹೋಗುತ್ತಾರೆ, ಭಾನುವಾರ ಮಲಗುತ್ತಾರೆ. ಆದ್ದರಿಂದ ಸದ್ದಿನ ಯಂತ್ರಗಳೆಲ್ಲ ಸೋಮವಾರ ಮಾತ್ರ ಎಂದು ತೀರ್ಮಾನವಾಯಿತು. ಎಲ್ಲರೂ ಒಪ್ಪಿದರು. ಶಿವಪುತ್ರಪ್ಪ ಎದ್ದು ನಿಂತ.

ಸೋಮವಾರ ಎತ್ತು ಬಸವಣ್ಣನದು. ನಮ್ಮ ಕಡೆ ಆ ದಿನ ನೊಗ ಹೂಡುವುದಿಲ್ಲ, ಎತ್ತಿಗೆ ರಜೆ. ಅವನ ಅಪ್ಪ ಹೂಡಲಿಲ್ಲ, ಅಜ್ಜ ಹೂಡಲಿಲ್ಲ. ಅವನು ತನ್ನ ಮರಾಠಿಯಲ್ಲಿ ಇದನ್ನೆಲ್ಲ ವಿವರಿಸಿದ.

"ಅಹೋ, ತೇ ಮಶೀನ್ ಆಹೇ, ಬೈಲ್ ನಾಹೀ" ಎಂದರು ಜಗತಾಪ ಸಾಹೇಬರು. ಅದು ಯಂತ್ರ, ಎತ್ತಲ್ಲ ಎಂದು ತಾಳ್ಮೆಯಿಂದಲೇ ಹೇಳಿದರು. ಈತ ಜಗ್ಗಲಿಲ್ಲ. ಯಂತ್ರ ಪಾರ್ಕಿಂಗಿನಲ್ಲಿ ಉಳಿಯಿತು.

ನಂಬಿಕೆಯನ್ನು ನಾನು ಆಡಿಕೊಳ್ಳುವುದಿಲ್ಲ, ನಮ್ಮ ಮನೆಯಲ್ಲೂ ಅದೇ ನಡೆದುಬಂದದ್ದು. ಆದರೆ ಅದೇ ಸೋಮವಾರ ಶಿವಪುತ್ರಪ್ಪನ ಅಂಗಡಿಯಲ್ಲಿ ಹಮಾಲರು ಬೆನ್ನು ಬಾಗಿಸಿ ಬೆಲ್ಲ ಹೊರುತ್ತಿದ್ದರು. ಅದೇ ಸೋಮವಾರ ಸಾವಂತ್ರವ್ವ ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ ಬಡಿಯುತ್ತಿದ್ದಳು, ಈತ ಲೋಕಲ್ ರೈಲು ಹಿಡಿಯಬೇಕಲ್ಲ. ಸಭೆಯ ಮರುದಿನ ಡಬ್ಬಿ ಬಿಚ್ಚುತ್ತ ನಗುತ್ತ ಹೇಳಿದ:

"ನಮ್ಮಾಕಿ ಏನ್ ಕೇಳಿದ್ಳು ಗೊತ್ತೇನ್ರಿ? ಎತ್ತಿಗೆ ಸೋಮವಾರ ಸೂಟಿ ಅದ, ನನಗ ಯಾವ ವಾರ ಅಂದ್ಳು. ನೀ ಏನ್ ಎತ್ತೇನ ಅಂದೆ."

ನಾನೂ ನಗುತ್ತೇನೆಂದು ನನ್ನ ಮುಖ ನೋಡಿದ. ಆಕೆ ಬಡಿದ ರೊಟ್ಟಿಯ ತುಂಡು ನನ್ನ ಬಾಯಲ್ಲಿತ್ತು. ನನಗೆ ಸಿಟ್ಟು ಬಂತು, ನಗು ಬರಲಿಲ್ಲ.

ಮಳೆ ಹಿಡಿಯಿತು. ದೇಹೂ ರೋಡಿನ ಮಳೆಗೆ ಹುಲ್ಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಪಾದ ಮುಳುಗಿತು, ಮೀನಖಂಡ ಮುಳುಗಿತು, ಮೊಣಕಾಲೂ ದಾಟಿತು. ಶಿವಪುತ್ರಪ್ಪ ಮೋಡದ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರುತ್ತಿದ್ದ. ಭಾನುವಾರ ಬಾಗಿಲಲ್ಲಿ ನಿಂತು ಆ ಕಾಡನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ, ಕೆಸರಿಗೆ ಹೆದರಿ ಕೆಳಗೆ ಮಾತ್ರ ಇಳಿಯುತ್ತಿರಲಿಲ್ಲ. ಸೊಸೈಟಿಯವರು ಸೊಳ್ಳೆ ಎಂದರು, ಹಾವು ಎಂದರು. ಕೊನೆಗೆ ಡೆಂಗ್ಯೂ ಎಂದ ಮೇಲೆ ಜಗತಾಪ ಸಾಹೇಬರೇ ಸೋತರು. ಒಂದು ಸಲಕ್ಕೆ ಮಾತ್ರ, ಭಾನುವಾರ ಬೆಳಿಗ್ಗೆ ಯಂತ್ರ ಓಡಿಸಲು ಒಪ್ಪಿಗೆ ಕೊಟ್ಟರು.

ಗೆದ್ದವನ ಗತ್ತಿನಲ್ಲಿ ಶಿವಪುತ್ರಪ್ಪ ನನ್ನನ್ನೂ ಕರೆಸಿಕೊಂಡ. ಅಕ್ಕಪಕ್ಕದ ಮನೆಗಳ ಮಹಡಿಯಲ್ಲಿ ಜನ ನಿಂತಿದ್ದರು. ಜಗತಾಪ ಸಾಹೇಬರು ಕಪ್ಪನ್ನು ಈ ಸಲ ಎರಡೂ ಕೈಯಲ್ಲಿ ಹಿಡಿದಿದ್ದರು. ಸಾವಂತ್ರವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ಯಂತ್ರ ಗುಡುಗಿತು, ಎತ್ತರದ ಹುಲ್ಲನ್ನು ಉರುಳಿಸುತ್ತ ಗೇಟಿನಿಂದ ಒಳಗೆ ನುಗ್ಗಿತು. ಅರ್ಧ ದಾರಿ ಹೋಗುವಷ್ಟರಲ್ಲಿ ಹುಲ್ಲು ಮುಗಿಯಿತು.

ಮುಂದೆ ಮಡಿಗಳಿದ್ದವು. ಬದು ಕಟ್ಟಿ, ನೀರು ನಿಲ್ಲದಂತೆ ಕಾಲುವೆ ತೆಗೆದು, ಅಚ್ಚುಕಟ್ಟಾಗಿ ಮಾಡಿದ ಮಡಿಗಳು. ಒಂದರಲ್ಲಿ ಮೆಂತ್ಯ, ಒಂದರಲ್ಲಿ ಕೊತ್ತಂಬರಿ, ಗೋಡೆಯ ಪಕ್ಕ ಮೆಣಸಿನ ಸಸಿಗಳ ಸಾಲು. ಸುತ್ತಲಿನ ಎತ್ತರದ ಹುಲ್ಲೇ ಅದಕ್ಕೆ ಬೇಲಿಯಾಗಿತ್ತು, ಬಾಗಿಲಲ್ಲಿ ನಿಂತು ನೋಡುವವನ ಕಣ್ಣಿಗೆ ಮರೆಯೂ ಆಗಿತ್ತು.

ಶಿವಪುತ್ರಪ್ಪ ಹೆಂಡತಿಯ ಕಡೆ ತಿರುಗಿದ. ಯಂತ್ರ ಗುಡುಗುತ್ತಲೇ ಇತ್ತು. ಸಾವಂತ್ರವ್ವ ಎದ್ದು ಬಂದಳು, ಗಾಬರಿಯಾಗಲಿಲ್ಲ, ದನಿ ಮಾತ್ರ ಸ್ವಲ್ಪ ಎತ್ತರಿಸಬೇಕಾಯಿತು.

"ಸೋಮವಾರ ಸೂಟಿ ಅಂದ್ರಿ. ನಾನೂ ತಗೊಂಡೆ. ಸೋಮವಾರಕ್ಕೊಮ್ಮೆ ಇಷ್ಟಿಷ್ಟ ಹುಲ್ಲ ಕಿತ್ತೆ" ಎಂದಳು. "ನಿಂತ ಬೆಳಿ ಅದ. ನಿಮ್ಮ ಎತ್ತ ಹೊಡೀತೀನಿ ಅಂದ್ರ ಹೊಡೀರಿ, ಇವತ್ತೇನ್ ಸೋಮವಾರ ಅಲ್ಲ."

ನಿಂತ ಬೆಳೆಯಲ್ಲಿ ಎತ್ತು ಬಿಡುವುದು ನಮ್ಮ ಕಡೆ ಎಂಥ ಪಾಪದ ಕೆಲಸ ಎಂದು ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಹೇಳಬೇಕಿಲ್ಲ. ಅದು ಯಂತ್ರ ಎಂದುಬಿಟ್ಟಿದ್ದರೆ ಶಿವಪುತ್ರಪ್ಪನಿಗೆ ದಾರಿಯಿತ್ತು. ಆದರೆ ಅದನ್ನು ಎತ್ತು ಎಂದು ಇಡೀ ಸೊಸೈಟಿಗೆ ಸಾರಿದವನು ಅವನೇ. ಅವನ ಕೈ ಹಿಡಿಕೆಯ ಮೇಲೆ ಒಂದೆರಡು ಸಲ ಬಿಗಿಯಾಯಿತು. ಆಮೇಲೆ ಬಗ್ಗಿ ಯಂತ್ರ ಆರಿಸಿದ.

"ಕೊಡಸ್ತೀನಿ ಅಂದಿದ್ರಿ" ಎಂದಳು ಸಾವಂತ್ರವ್ವ, ಈಗ ಸಣ್ಣ ದನಿಯಲ್ಲಿ. "ತಡಾ ಆತು. ನಾನ ತಗೊಂಡೆ."

ಗೋಡೆಯ ಆಚೆಯಿಂದ ಜಗತಾಪ ಸಾಹೇಬರು, "ಕಾಯ್ ಝಾಲಂ?" ಎಂದು ಕೇಳಿದರು. ಏನಾಯಿತು, ಯಾಕೆ ನಿಲ್ಲಿಸಿದಿರಿ ಎಂದು.

ಶಿವಪುತ್ರಪ್ಪ ಮೆಂತ್ಯದ ಮಡಿಯಿಂದ ಕಣ್ಣು ತೆಗೆಯಲಿಲ್ಲ. "ಸಾಹೇಬ, ಆಜ್ ಸೋಮವಾರ ಆಹೇ" ಎಂದ, ಇವತ್ತು ಸೋಮವಾರ ಎಂದು.

ಜಗತಾಪ ಸಾಹೇಬರು ಫೋನು ತೆಗೆದು ವಾರ ನೋಡಿಕೊಂಡರು. ಪಾಪ, ಅದು ಭಾನುವಾರವನ್ನೇ ತೋರಿಸುತ್ತಿತ್ತು.

ಆಮೇಲೆ ಬೆಳೆಯ ನಡುವೆ ಎತ್ತು ನಡೆಸುವಾಗ ಬಾಯಿ ಕಟ್ಟಬೇಕೆಂದು ಶಿವಪುತ್ರಪ್ಪ ಯಂತ್ರದ ಅಲಗಿಗೆ ಬೆಲ್ಲದ ಗೋಣಿ ಸುತ್ತಿ ಬಿಗಿದ. ಅದನ್ನು ಇನ್ನೂ ಬಿಚ್ಚಿಲ್ಲ. ಕೋಡಿನ ಬಣ್ಣ ಬಳಿದ ಹಿಡಿಕೆಯ ಮೇಲೆ ಹೀರೆಯ ಬಳ್ಳಿ ಹಬ್ಬಿದೆ. ಗೇಟಿನ ಬಳಿ ಉಳಿದ ಒಂದು ತುಂಡು ಹುಲ್ಲಿನ ಮೇಲೆ ಅವನೂ ಒಂದು ಕುರ್ಚಿ ಹಾಕಿಕೊಂಡಿದ್ದಾನೆ, ಒಂದೇ ಕುರ್ಚಿ ಹಿಡಿಸುತ್ತದೆ.

ಯಂತ್ರ ನಿಂತ ಆ ಭಾನುವಾರದ ಮರುದಿನ, ಸೋಮವಾರ ಮಧ್ಯಾಹ್ನ, ಡಬ್ಬಿ ಬಿಚ್ಚಿದೆವು. ಅವನದರಲ್ಲಿ ರೊಟ್ಟಿ ಇರಲಿಲ್ಲ. ತಳ ಹಿಡಿದ ಅನ್ನದ ಒಂದು ಗಡ್ಡೆ, ಮೇಲೆ ತೊಳೆದ ಹಸಿ ಮೆಂತ್ಯಸೊಪ್ಪು. ಅಭ್ಯಾಸಬಲದಿಂದ ಅನ್ನವನ್ನು ಬೆರಳಿನಿಂದ ತಟ್ಟಿ ನೋಡಿದ. ಯಾವ ಗಾಣದ್ದು ಎಂದು ಕೇಳುವ ಆಸೆಯಾಯಿತು, ಬಿಟ್ಟೆ.

"ಸಾವಂತ್ರವ್ವಗ ಆರಾಮ ಇಲ್ಲೇನ್ರಿ?" ಎಂದೆ.

"ಆರಾಮ ಅದಾಳ. ಸೋಮವಾರ ಅಲ್ಲೇನ್ರಿ, ಸೂಟಿ. ನಾನ ಮಾಡೀನಿ."

ನನಗೆ ಭಾಳ ಸಂತೋಷವಾಯಿತು. ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ನನ್ನ ಡಬ್ಬಿಯನ್ನು ಅವನ ಮುಂದೆ ಸರಿಸಿದೆ, ಅದರಲ್ಲಿ ನನ್ನ ಹೆಂಡತಿ ಬೆಳಿಗ್ಗೆ ಬಡಿದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಎಲ್ಲ ಇತ್ತು. ಶಿವಪುತ್ರಪ್ಪ ಒಂದು ರೊಟ್ಟಿ ತೆಗೆದುಕೊಂಡ, ಮುರಿಯದೆ ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದ.

"ನಿಮ್ಮ ಮನ್ಯಾಗ ಸೂಟಿ ಯಾವ ವಾರರಿ, ಅಪ್ಪಾಸಾಹೇಬರ?" ಎಂದ.