ಮಡಚುವ ಗೋಡೆ

ತೀರಿಕೊಂಡವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಯಹೂದಿ ಗಂಡಸರು ಸೇರಲೇಬೇಕು ಎಂದು ನನಗೆ ಮೊದಲು ಹೇಳಿದವರು ನಮ್ಮ ನೆರೆಮನೆಯ ಎಜ್ರಾ ಅಂಕಲ್. ಸಿಂಗಾಪುರದ ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಹಳಬರದು ಬಾಗ್ದಾದಿನ ಪದ್ಧತಿ. ಬ್ಯಾಂಕ್ ಕೆಲಸಗಳು ಹೆಚ್ಚಿದ ಆ ವರ್ಷಗಳಲ್ಲಿ ಬಂದಿಳಿದ ಹೊಸಬರದು ಯುರೋಪಿನದು. ಪ್ರಾರ್ಥನೆ ಯಾರ ರಾಗದಲ್ಲಿ ಎಂಬ ಜಗಳ ತಪ್ಪಲೆಂದು ಕಮಿಟಿಯವರು ಹಾಲ್‌ನ ನಡುವೆ ನಮ್ಮ ಕಂಪನಿಯಿಂದ ಸದ್ದು ದಾಟದ ಮಡಚುವ ಗೋಡೆ ಹಾಕಿಸಿದರು.

ಆಮೇಲೊಂದು ಬೆಳಿಗ್ಗೆ ಗೋಡೆ ಚೆಕ್ ಮಾಡಲು ಹೋದೆ. ಅಂದು ಅಂಕಲ್ ತಾಯಿಯ ತಿಥಿ. ಹಳಬರ ಈ ಕಡೆ ಅವರೂ ಸೇರಿ ಏಳೇ ಜನ.

“ನನ್ನನ್ನೂ ಸೇರಿಸ್ಕೊಳ್ಳಿ ಅಂಕಲ್,” ಎಂದೆ.

“ನೀನು ಯಹೂದಿಯೂ ಅಲ್ಲ, ಗಂಡಸೂ ಅಲ್ಲ. ಆ ಕಡೆ ಹೋಗಿ ಮೂವರನ್ನ ಕಳಿಸು ಅನ್ನಮ್ಮ.”

ಆ ಕಡೆ ಎಂಟು ಜನ. “ನಮಗೇ ಇಬ್ಬರು ಕಮ್ಮಿ. ಅವರೇ ಇಲ್ಲಿಗೆ ಬರಲಿ,” ಎಂದರು.

ಬಂದು ಹೇಳಿದೆ. “ಅವರ ರಾಗದಲ್ಲಿ ಹೇಳಿದ್ರೆ ಅಮ್ಮನಿಗೆ ನನ್ನ ಗುರುತು ಸಿಗಲ್ಲ,” ಎಂದು ಅಂಕಲ್ ಪುಸ್ತಕ ಮುಚ್ಚಿಟ್ಟರು. ಪ್ರಾರ್ಥನೆ ಆಗಲೇ ಇಲ್ಲ. ಆ ಕಡೆಯೂ ಆಗಿರಲಾರದು. ನಮ್ಮ ಗೋಡೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಏನೂ ಕೇಳಿಸಲಿಲ್ಲ.

ನಿಮ್ಮ ಪೈಕಿ ಗೋಡೆ ಹಾಕಿಸುವವರು ಯಾರಾದರೂ ಇದ್ದರೆ ಅವರಿಗೆ ದಯವಿಟ್ಟು ಹೇಳಿ: ಅಳತೆ ತೆಗೆಸುವ ಮೊದಲು ತಲೆ ಎಣಿಸಲಿ.